ಕಮಲಾಪುರದ ಬೀಗ ಮತ್ತು ನನಗೆ ಹೊದಿಸಿದ ಶಾಲು

ಸೋಮವಾರ ಬೆಳಿಗ್ಗೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಿಂದ ನಾನು ಹೊರಟದ್ದು ಒಂದು ಬೀಗ ತೆಗೆಸುವುದಕ್ಕೆ. ಬೀಗ ಇದ್ದದ್ದು ಕಲಬುರಗಿಯಿಂದ ನಲವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರದ ಕಮಲಾಪುರದಲ್ಲಿ, ಬಸ್ಸುಗಳು ನಿಲ್ಲುವ ಜಾಗದ ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಮಹಿಳಾ ಶೌಚಾಲಯದ ಬಾಗಿಲಿಗೆ. ಅದನ್ನು ತೆಗೆಸಬೇಕಾದರೆ ಮೊದಲು ಕಲಬುರಗಿಯ ದೊಡ್ಡ ಕಚೇರಿಗಳನ್ನು ಹಿಡಿಯಬೇಕು ಎಂದು ನೆರೆಮನೆಯವರು ಹೇಳಿದ್ದರು. ಆ ಸಲಹೆಗಾಗಿ ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕಮಲಾಪುರದಲ್ಲಿ ನನ್ನ ಚಿಕ್ಕಮ್ಮನ ಮಗಳು ಮಹಾದೇವಿ ಇದ್ದಾಳೆ. ರಸ್ತೆ ಪಕ್ಕದಲ್ಲಿ ಗಾಡಿ ನಿಲ್ಲಿಸಿಕೊಂಡು ಆ ಊರಿನ ಕೆಂಪು ಬಾಳೆಹಣ್ಣು ಮಾರುತ್ತಾಳೆ. ಬೆಳಿಗ್ಗೆ ಬಂದರೆ ದೀಪ ಹಚ್ಚುವ ಹೊತ್ತಿಗೇ ಮನೆಗೆ ಹೋಗುವುದು. ಅಷ್ಟು ಹೊತ್ತು ಹೆಣ್ಣುಮಕ್ಕಳು ಹೋಗಿಬರುವುದಕ್ಕೆ ಅಲ್ಲಿ ಒಂದು ಜಾಗವಿಲ್ಲ. ಆದ್ದರಿಂದ ಅವಳು ನೀರನ್ನೇ ಕುಡಿಯುವುದಿಲ್ಲ. ಕಳೆದ ತಿಂಗಳು ಚಳಿಜ್ವರ ಬಂದು ನಮ್ಮ ಮನೆಯಲ್ಲಿ ಒಂದು ವಾರ ಮಲಗಿದ್ದಳು. ಸೋಂಕು ಮೂತ್ರಪಿಂಡಕ್ಕೆ ಏರಿದೆ, ಚೆನ್ನಾಗಿ ನೀರು ಕುಡಿಯಬೇಕು, ತಡೆದು ಹಿಡಿಯಬಾರದು, ಇನ್ನೊಮ್ಮೆ ಹೀಗಾದರೆ ಗುಳಿಗೆಯಿಂದ ಮುಗಿಯುವುದಿಲ್ಲ ಎಂದು ಡಾಕ್ಟರು ಬೈದು ಕಳಿಸಿದರು. ಎಲ್ಲದಕ್ಕೂ ಹೂಂ ಎಂದು ಊರಿಗೆ ಹೋದವಳು ಮತ್ತೆ ನೀರು ಕುಡಿಯುವುದನ್ನು ಬಿಟ್ಟಳು. ನಾನು ಫೋನಿನಲ್ಲಿ ಗದರಿದೆ.

"ಕುಡೀಲಾಕ ನನಗೇನು ತ್ರಾಸ ಅದ ಅಕ್ಕಾ? ಕುಡಿದ ಮ್ಯಾಲ ಎಲ್ಲಿಗಿ ಹೋಗ್ಲಿ?" ಎಂದಳು.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಗದರುವುದು ಬಿಟ್ಟು, ಅಲ್ಲಿ ಏನೂ ಕಟ್ಟಿಲ್ಲವೇ ಎಂದು ಕೇಳಿದೆ. ಆಗ ಅವಳು ಹೇಳಿದಳು: ಗಾಡಿಯ ಹಿಂದೆಯೇ ಶೌಚಾಲಯ ಕಟ್ಟಿ ಮುಗಿಸಿದ್ದಾರೆ, ದೀಪಾವಳಿಯಿಂದ ಬೀಗ ಹಾಕಿಕೊಂಡು ನಿಂತಿದೆ. ಕಾರಣ ಅವಳಿಗೂ ಗೊತ್ತಿರಲಿಲ್ಲ.

ಮಾರ್ಚ್ ಇನ್ನೂ ಮುಗಿದಿರಲಿಲ್ಲ, ಆದರೆ ಕಲಬುರಗಿಯ ಬಿಸಿಲು ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಮೊದಲ ಕಚೇರಿಗೆ ಆಟೋದವನು ಎಂಬತ್ತು ರೂಪಾಯಿ ತೆಗೆದುಕೊಂಡ. ಅಲ್ಲಿ ಗುಮಾಸ್ತರೊಬ್ಬರು ಮಂಡಕ್ಕಿಯ ಸುಸಲಾ ತಿನ್ನುತ್ತ ನನ್ನ ಮಾತನ್ನು ಪೂರ್ತಿ ಕೇಳಿದರು. ಕೇಳಿ, ಕಟ್ಟುವವರು ಬೇರೆ, ನಡೆಸುವವರು ಬೇರೆ, ತಾವು ಎರಡೂ ಅಲ್ಲ ಎಂದರು. ಹಾಗಾದರೆ ನೀವು ಯಾರು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರು ಕುಸನೂರ ರಸ್ತೆಯ ಕಡೆಗಿರುವ ಇನ್ನೊಂದು ಕಚೇರಿಗೆ ಹೋಗಿ ಎಂದು ಕೈ ತೊಳೆದುಕೊಂಡರು. ಊರಿನ ಇನ್ನೊಂದು ತುದಿ, ಮತ್ತೆ ನೂರಾ ಇಪ್ಪತ್ತು ರೂಪಾಯಿ.

ಎರಡನೆಯ ಕಚೇರಿಯಲ್ಲಿ ವಯಸ್ಸಾದ ಎಂಜಿನಿಯರೊಬ್ಬರು ಸಿಕ್ಕರು. ಕುರ್ಚಿ ಕೊಟ್ಟು ಕೂಡಿಸಿದ್ದಕ್ಕೆ ಅವರಿಗೆ ಪುಣ್ಯ ಬರಲಿ.

"ಕೆಲಸ ಪೂರಾ ಮುಗದದರೀ ಮೇಡಂ. ನಲ್ಲಿ ತಿರುವಿದ್ರ ನೀರು ಬರ್ತದ, ಲೈಟ್ ಹತ್ತತಾವ. ಉದ್ಘಾಟನಾ ಒಂದು ಆಗಿಲ್ಲ," ಎಂದರು.

ಆಮೇಲೆ ಅವರು ಹೇಳಿದ ಕಥೆ ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉದ್ಘಾಟನೆಗೆಂದು ಮೊದಲು ಕೆತ್ತಿಸಿದ ಕಲ್ಲಿನಲ್ಲಿ ಒಬ್ಬ ಗಣ್ಯರ ಹೆಸರು ಇನ್ನೊಬ್ಬರ ಹೆಸರಿನ ಕೆಳಗೆ ಬಂತಂತೆ. ಅವರ ಕಡೆಯವರು ಬಂದು ರಂಪ ಮಾಡಿದರಂತೆ. ಎರಡನೆಯ ಕಲ್ಲು ಕೆತ್ತಿಸುವಷ್ಟರಲ್ಲಿ ಅದರಲ್ಲಿದ್ದ ಇನ್ನೊಬ್ಬರ ಹುದ್ದೆಯೇ ಹೋಯಿತಂತೆ. ಈಗ ಮೂರನೆಯ ಕಲ್ಲು ಗೋಡೆಗೆ ಕೂತಿದೆ, ಪರದೆಯೂ ಹಾಕಿದ್ದಾಗಿದೆ. ಗಣ್ಯರಿಗೆಲ್ಲ ಒಂದೇ ದಿನ ಬಿಡುವಾಗುತ್ತಿಲ್ಲ. ಅದಕ್ಕೂ ಮೊದಲು ಯಾರಾದರೂ ಒಳಗೆ ಹೋಗಿಬಂದರೆ ಗಣ್ಯರಿಗೆ ಅವಮಾನ. ಅಂದರೆ ನಮ್ಮ ಮಹಾದೇವಿ ಅಲ್ಲಿಯವರೆಗೆ ತಡೆದುಕೊಂಡಿರಬೇಕು. ನಾನು ಇದನ್ನು ಹಾಗೆಯೇ ಹೇಳಿದೆ. ಎಂಜಿನಿಯರ್ ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಕೀಲಿ ಕಮಲಾಪುರದ ಕಚೇರಿಯ ಸಾಹೇಬರ ಹತ್ತಿರವೇ ಇದೆ, ಅವರು ಮನಸ್ಸು ಮಾಡಿದರೆ ಒಂದು ನಿಮಿಷದ ಕೆಲಸ ಎಂದರು.

ಕೀಲಿ ಕಮಲಾಪುರದಲ್ಲೇ ಇದ್ದ ಮೇಲೆ ನಾನು ದಿನವಿಡೀ ಕಲಬುರಗಿ ಸುತ್ತಿದ್ದು ಯಾವ ಸಂಭ್ರಮಕ್ಕೆ? ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬರುವ ದಾರಿಯಲ್ಲಿ ಆಟೋ ನಿಲ್ಲಿಸಿ ನಾಲ್ಕು ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ಸಿಟ್ಟಿನಲ್ಲೇ ತಿಂದೆ.

ಮಂಗಳವಾರ ಬೆಳಿಗ್ಗೆ ಹುಮನಾಬಾದ ಕಡೆಗೆ ಹೋಗುವ ಸರ್ಕಾರಿ ಬಸ್ಸು ಹತ್ತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಕೂಡಲು ಜಾಗ ಸಿಗದ ಗಂಡಸೊಬ್ಬ, ಸರ್ಕಾರ ಹೆಣ್ಣುಮಕ್ಕಳಿಗೇ ಎಲ್ಲಾ ಮಾಡಿಕೊಟ್ಟಿದೆ ಎಂದು ಗೊಣಗಿದ. ಕಮಲಾಪುರದಲ್ಲಿ ಇಳಿದು ನೋಡಪ್ಪ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಊರು ದಾಟಿದ ಮೇಲೆ ತೊಗರಿ ಕೊಯ್ದ ಕರಿಮಣ್ಣಿನ ಹೊಲಗಳು, ಉಳಿದ ಕಟ್ಟಿಗೆಯ ಹೊರೆಗಳು. ಮಹಾಗಾಂವ ಕ್ರಾಸಿನಲ್ಲಿ ಅರ್ಧ ಬಸ್ಸು ಇಳಿದು ಅದರ ಎರಡರಷ್ಟು ಜನ ಹತ್ತಿದರು. ಕಮಲಾಪುರದಲ್ಲಿ ಇಳಿಯುವಾಗ ನನ್ನ ಸೀರೆಯ ನೆರಿಗೆ ನೆರಿಗೆಯಾಗಿ ಉಳಿದಿರಲಿಲ್ಲ.

ಶೌಚಾಲಯ ನೋಡಿ ನಿಜಕ್ಕೂ ಬೆರಗಾಯಿತು. ಗುಲಾಬಿ ಬಣ್ಣದ ಟೈಲ್ಸು, ಗೋಡೆಯ ಮೇಲೆ ಕೈಮುಗಿದು ನಿಂತ ಹೆಂಗಸಿನ ಚಿತ್ರ. ಕಲ್ಲಿಗೆ ಹಾಕಿದ್ದ ಕೆಂಪು ಪರದೆ ಬಿಸಿಲಿಗೆ ಬಿಳಿಚಿಕೊಂಡಿತ್ತು. ಬೀಗಕ್ಕೆ ತುಕ್ಕು ಹಿಡಿಯದಂತೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ್ದರು. ಒಂದು ಬೀಗದ ಆರೋಗ್ಯವನ್ನು ಇಷ್ಟು ಕಾಳಜಿಯಿಂದ ನೋಡಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಹಾದೇವಿ ಗಾಡಿಯ ಹಿಂದೆ ನಿಂತಿದ್ದಳು. ಮುಖ ಬಾಡಿತ್ತು, ತುಟಿ ಒಡೆದಿತ್ತು. ಮನೆಯಿಂದ ತಂದಿದ್ದ ದೊಡ್ಡ ಬಾಟಲಿ ನೀರು ಕೊಟ್ಟೆ. ಮುಚ್ಚಳ ತೆಗೆಯದೆ ಗಾಡಿಯ ಕೆಳಗೆ ಇಟ್ಟಳು. ಪಕ್ಕದಲ್ಲಿ ಬಳೆ ಮಾರುವ ಹಮೀದಾಬಿಗೆ ಗಾಡಿ ನೋಡಿಕೊಳ್ಳಲು ಹೇಳಿ ನನ್ನ ಜೊತೆ ಕಚೇರಿಗೆ ಬಂದಳು.

ಹೊರಗೆ ಬೆಂಚಿನ ಮೇಲೆ ಬಹಳ ಹೊತ್ತು ಕೂತೆವು. ಕೊನೆಗೆ ಒಳಗೆ ಕರೆದಾಗ, ಮೇಜಿನ ಹಿಂದಿದ್ದ ಸಾಹೇಬರು ನನ್ನನ್ನು ಕಂಡು ದಡಕ್ಕನೆ ಎದ್ದು ಬಂದು ಕಾಲು ಮುಟ್ಟಿದರು. ನೋಡಿದರೆ ಶಿವಶರಣಪ್ಪ! ನಾನು ಇದೇ ಊರಿನ ಹೈಸ್ಕೂಲಿನಲ್ಲಿದ್ದಾಗ ಎರಡನೆಯ ಬೆಂಚಿನಲ್ಲಿ ಕೂಡುತ್ತಿದ್ದ ಹುಡುಗ. ನನಗೆ ಹೋದ ಜೀವ ಬಂದಂತಾಯಿತು. ಇನ್ನೇನು, ಬೀಗ ತೆಗೆದ ಹಾಗೆಯೇ ಎಂದುಕೊಂಡೆ.

ನಾನು ಮಾತು ತೆಗೆಯುವ ಮೊದಲೇ ಚಹಾ ಬಂತು. ಅದು ಮುಗಿಯುವ ಮೊದಲೇ ಇನ್ನೊಂದು ಬಂತು. ಅಷ್ಟರಲ್ಲಿ ಜವಾನ ಕಪಾಟು ತೆಗೆದ. ಒಳಗೆ ಪ್ಲಾಸ್ಟಿಕ್ ಹೊದಿಕೆಯ ಶಾಲುಗಳ ಅಟ್ಟಿಯೇ ಇತ್ತು. ಬಂದುಹೋಗುವ ದೊಡ್ಡವರಿಗೆಂದು ಸದಾ ತಯಾರಿರುತ್ತದಂತೆ. ಕಚೇರಿಯವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಸ್ವಂತ ಕೆಲಸಕ್ಕೆಂದು ಬಂದಿದ್ದ ಜನರನ್ನೂ ಚಪ್ಪಾಳೆಗೆ ಕರೆದರು. ಶಿವಶರಣಪ್ಪ ನನಗೆ ಜರಿ ಅಂಚಿನ ಶಾಲು ಹೊದಿಸಿ, ಹಾರ ಹಾಕಿ, ತನಗೆ ಪ್ರಾಮಾಣಿಕತೆ ಕಲಿಸಿದ ಗುರು ಎಂದು ಸಣ್ಣ ಭಾಷಣ ಮಾಡಿದ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಫೋಟೋಕ್ಕೆ ಸೆರಗು ಸರಿಮಾಡಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಮಹಾದೇವಿ ನನ್ನನ್ನೇ ನೋಡುತ್ತಿರುವುದು ಕಂಡಾಗಲೇ ಬಂದ ಕೆಲಸದ ನೆನಪಾದದ್ದು.

ಕೇಳಿದೆ. ಮಹಾದೇವಿಯೊಬ್ಬಳನ್ನು ಬಿಟ್ಟು ಜನರನ್ನೆಲ್ಲ ಹೊರಗೆ ಕಳಿಸಿ ಅವನು ದನಿ ತಗ್ಗಿಸಿದ.

"ನೀವು ಹೇಳೋದು ಖರೇ ಅದ ಟೀಚರ್. ಆದ್ರ ನಾ ಬೀಗ ತೆಗೆದ್ರ ನಾಳಿ ನನ್ನ ಎಲ್ಲಿಗಿ ಒಗೀತಾರೋ ಗೊತ್ತಿಲ್ರಿ. ಮಗಳು ಈ ವರ್ಷ ಹತ್ತನೇ ಕ್ಲಾಸಿನಾಗ ಅದಾಳ."

"ಇಕಿ ಕಿಡ್ನಿ ಹೋಗ್ಲಾಕತ್ತದ ಶಿವಶರಣಪ್ಪ. ನಿಂದು ವರ್ಗ ಆಗ್ತದ, ಇಕಿದು?"

ಅವನಿಗೆ ಅರ್ಥವಾಗಿತ್ತು, ಅದೇ ನನಗೆ ಹೆಚ್ಚು ಸಂಕಟ. ಅರ್ಥವಾಗದ ಮೂರ್ಖನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಅಷ್ಟರಲ್ಲಿ ಫೋನು ಬಂತು. ಮೀಟಿಂಗಿಗೆ ಹೊತ್ತಾಯಿತು, ಕ್ಷಮಿಸಬೇಕು ಎಂದು ಮತ್ತೊಮ್ಮೆ ಕಾಲು ಮುಟ್ಟಿ ಜೀಪು ಹತ್ತಿ ಹೋದ. ಗುರುವಂದನೆ ಎಂಬ ಹೆಸರಿನಲ್ಲಿ ನನ್ನ ಫೋಟೋ ಆಗಲೇ ಊರವರ ಮೊಬೈಲುಗಳಲ್ಲಿ ಓಡಾಡುತ್ತಿದೆ ಎಂದು ಜವಾನ ಹೆಮ್ಮೆಯಿಂದ ಹೇಳಿದ. ದೂರು ಕೊಡಲು ಬಂದವರಿಗೆ ಶಾಲು ಹೊದಿಸಿ ಕಳಿಸುವ ಈ ಉಪಾಯವನ್ನು ಶಿವಶರಣಪ್ಪ ಬೇಕಂತಲೇ ಮಾಡಿದನೋ, ರೂಢಿಯಿಂದ ಮಾಡಿದನೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಎರಡು ಚಹಾ ತಮ್ಮ ಕೆಲಸ ಶುರುಮಾಡಿದ್ದವು. ಕಚೇರಿಯಲ್ಲಿ ಹೆಂಗಸರ ಶೌಚಾಲಯ ಎಲ್ಲಿದೆ ಎಂದು ಜವಾನನನ್ನು ಕೇಳಿದೆ. ಅವನು ಸಂಕೋಚದಿಂದ ಬಾಗಿಲು ತೆಗೆದು ತೋರಿಸಿದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಹಳೆಯ ಫ್ಲೆಕ್ಸುಗಳು, ಮುರಿದ ಕುರ್ಚಿಗಳು, ಅವುಗಳ ಹಿಂದೆ ಗೋಡೆಗೆ ಆನಿಸಿದ ಎರಡು ಕರಿಕಲ್ಲುಗಳು. ತಪ್ಪು ಹೆಸರಿನ ಆ ಎರಡು ಕಲ್ಲುಗಳೇ. ಸಾಹೇಬರ ಕೋಣೆಯ ಶೌಚಾಲಯಕ್ಕೆ ಬೀಗ, ಕೀಲಿ ಅವರ ಜೀಪಿನಲ್ಲಿ ಹೋಗಿತ್ತು. ಕಲಬುರಗಿಗೆ ಹೋಗುವವರೆಗೆ ತಡೆದುಕೊಳ್ಳೋಣವೆಂದು ಬಸ್ಸು ನಿಲ್ಲುವಲ್ಲಿಗೆ ಬಂದೆ. ಬಂದ ಬಸ್ಸೊಂದು ತುಂಬಿ ತುಳುಕುತ್ತಿತ್ತು, ನಿಲ್ಲದೆ ಹೋಯಿತು. ಆಮೇಲಿನ ಬಸ್ಸಿನ ಸುಳಿವಿಲ್ಲ. ನನ್ನ ವಯಸ್ಸಿಗೆ ಅಷ್ಟು ತಡೆಯುವುದು ಆಗುವ ಮಾತಲ್ಲ.

ಮಹಾದೇವಿಯ ಕಿವಿಯಲ್ಲಿ ಹೇಳಿದೆ. ಎರಡು ದಿನದಲ್ಲಿ ನನಗೆ ಇಷ್ಟು ನಾಚಿಕೆ ಯಾರ ಮುಂದೆಯೂ ಆಗಿರಲಿಲ್ಲ. ಅವಳು ಮಾತ್ರ ಅವತ್ತು ಮೊದಲ ಸಲ ನಕ್ಕಳು. ಹಮೀದಾಬಿಯನ್ನು ಕರೆದಳು. ತೀರಾ ಆಗದ ಹೊತ್ತಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹಳೆಯ ಸೀರೆಯೊಂದನ್ನು ಮರೆ ಹಿಡಿಯುತ್ತಾರಂತೆ. ಅದು ಹರಿದು ಹೋಗಿ ವಾರವಾಗಿತ್ತು. ಮಹಾದೇವಿ ನನ್ನ ಹೆಗಲಿನಿಂದ ಶಾಲು ತೆಗೆದು ಕೈಯಲ್ಲಿ ತಿಕ್ಕಿ ನೋಡಿದಳು.

"ಇದು ಛಲೋ ದಪ್ಪ ಅದ," ಎಂದಳು.

ಆ ಗುಲಾಬಿ ಗೋಡೆಯ ಹಿಂದೆ, ಜಾಲಿ ಮುಳ್ಳುಕಂಟಿಯ ಪಕ್ಕದಲ್ಲಿ, ಇಬ್ಬರೂ ಶಾಲಿನ ತುದಿ ಹಿಡಿದು ಮುಖ ಆ ಕಡೆ ತಿರುಗಿಸಿ ನಿಂತರು.

"ಫಿಕರ್ ಮಾಡಬ್ಯಾಡ್ರಿ ಆಪಾ, ನಾವದೀವಿ," ಎಂದಳು ಹಮೀದಾಬಿ.

ಪ್ರಾಮಾಣಿಕತೆ ಕಲಿಸಿದ ಗುರು ಅಲ್ಲಿ ಕೂತಳು. ಗೋಡೆಯ ಒಳಗಿನಿಂದ ನಲ್ಲಿಯೊಂದು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ನೀರು ಬರುತ್ತದೆ ಎಂದ ಎಂಜಿನಿಯರ್ ಸುಳ್ಳು ಹೇಳಿರಲಿಲ್ಲ.

ಬಸ್ಸು ಬಂದಾಗ ಮಹಾದೇವಿ ಶಾಲು ಮಡಚಿ ನನ್ನ ಕೈಗೆ ಕೊಡಲು ಬಂದಳು. ನೀವೇ ಇಟ್ಟುಕೊಳ್ಳಿ ಎಂದೆ. ಬೀಗ ತೆಗೆಸಲು ಆಗಲಿಲ್ಲವಲ್ಲ ಎಂದೂ ಹೇಳಿದೆ.

"ಇನ್ನೊಮ್ಮಿ ಬರೋವಾಗ ಇನ್ನೊಂದು ಹೊದಿಸಿಕೊಂಡು ಬಾ ಅಕ್ಕಾ," ಎಂದಳು ಅವಳು. "ಇದು ಒಂದು ಕಡಿಗಿ ಸಾಕಾಗ್ತದ. ರಸ್ತಾದ ಕಡಿಗಿ ಇನ್ನೊಂದು ಬೇಕು."

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಹೊರಡುವಾಗ ತಿರುಗಿ ನೋಡಿದೆ. ಶಾಲನ್ನು ಅವಳು ಶೌಚಾಲಯದ ಬಾಗಿಲಿಗೆ, ಆ ಬೀಗದ ಮೇಲೆಯೇ ಇಳಿಬಿಟ್ಟಿದ್ದಳು. ಜರಿ ಅಂಚು ಬಿಸಿಲಿಗೆ ಹೊಳೆಯುತ್ತಿತ್ತು. ಆಮೇಲೆ ಬಗ್ಗಿ ಗಾಡಿಯ ಕೆಳಗಿನ ಬಾಟಲಿ ತೆಗೆದು, ಅತ್ತ ಇತ್ತ ನೋಡಿ, ಗಟಗಟನೆ ನೀರು ಕುಡಿದಳು.