ಅತ್ತೆಯ ಹೊಟ್ಟೆಯ ಮೇಲಿನ ಚೀಲ

ಕೋಲಾರದ ಆಸ್ಪತ್ರೆಯಲ್ಲಿ ನಮ್ಮತ್ತೆಯ ದೊಡ್ಡ ಕರುಳಿನಲ್ಲಿದ್ದ ಗೆಡ್ಡೆ ತೆಗೆದರು. ಒಳಗಿನ ಹೊಲಿಗೆ ಮಾಯುವವರೆಗೆ ಸಣ್ಣ ಕರುಳಿನ ಒಂದು ಭಾಗವನ್ನು ಹೊಟ್ಟೆಯ ಮೇಲೆ ಹೊರತಂದು, ಮಲ ತುಂಬಿಕೊಳ್ಳಲು ಅದಕ್ಕೊಂದು ಪ್ಲಾಸ್ಟಿಕ್ ಚೀಲ ಅಂಟಿಸಿ ಮನೆಗೆ ಕಳಿಸಿದರು. ಚೀಲ ಖಾಲಿ ಮಾಡುವ ಕೆಲಸ ಸೊಸೆಯಾದ ನನ್ನದಾಯಿತು.

ಮೊದಲ ದಿನ ಶ್ರೀನಿವಾಸಪುರದ ನಮ್ಮ ಬಚ್ಚಲಲ್ಲಿ ಚೀಲದ ಬಾಯಿ ಬಿಚ್ಚಿದಾಗ ಹಸಿರು ಗಂಜಿಯಂಥದ್ದು ಬಳಬಳನೆ ಸುರಿಯಿತು. ನೀರು ಹೀರಿ ಮಲವನ್ನು ಗಟ್ಟಿ ಮಾಡುವುದು ದೊಡ್ಡ ಕರುಳು, ಅಲ್ಲಿಗೆ ಹೋಗದ ಊಟ ಹೀಗೇ ತೆಳ್ಳಗೆ ಬರುತ್ತದೆ ಎಂದು ನರ್ಸ್ ಹೇಳಿದ್ದರು. ಆ ಹುಳಿ ನಾತದ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ನಾನೇ ಬಡಿಸಿದ್ದ ದಂಟಿನ ಸೊಪ್ಪು, ಟೊಮೆಟೊ ಸಿಪ್ಪೆ ಅದರಲ್ಲಿ ಹಾಗೇ ತೇಲುತ್ತಿದ್ದವು. ಹಿತ್ತಲಿಗೆ ಓಡಿಹೋಗಿ ವಾಂತಿ ಮಾಡಿಕೊಂಡೆ.

ವಾಪಸ್ ಬಂದಾಗ ಅತ್ತೆ ಗೋಡೆ ನೋಡುತ್ತಾ ನಿಂತಿದ್ದರು.

“ಅಸಹ್ಯ ಆಯ್ತೇನಮ್ಮ?”

“ಹೂಂ ಅತ್ತೆ, ಆಯ್ತು.”

“ನಂಗೂ ಅಷ್ಟೇ ಕಣೇ. ಇಲ್ಲ ಅಂದಿದ್ರೆ ನಾನು ನಂಬ್ತಿರ್ಲಿಲ್ಲ. ಬಾ, ಮೂಗಿಗೊಂದು ಬಟ್ಟೆ ಕಟ್ಕೋ.”

ಕರುಳನ್ನು ಮತ್ತೆ ಒಳಗೆ ಸೇರಿಸುವವರೆಗೂ ಹಾಗೇ ನಡೆಸಿದೆವು. ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಕೊನೆಯ ದಿನವೂ ನನಗೆ ಓಕರಿಕೆ ಬಂತು. ಈಗ ಅತ್ತೆ ಒಬ್ಬರೇ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ.