ಸಿಹಿಬೇಲದ ಚಿಗುರೂ ನನ್ನ ಬಾಯಿಯೂ

ಹುಲಿಕುಂಟೆಯ ಸಿಹಿಬೇಲದ ಚಿಗುರುಗಳು ನಮ್ಮ ಸೀಸೆಗಳಲ್ಲಿ ಸತ್ತದ್ದು ಒಬ್ಬ ಅಜ್ಜಿ ಮೆತ್ತಿದ ಸಗಣಿಯಿಂದ ಎಂದು ನಮ್ಮ ಪ್ರಯೋಗಾಲಯದಲ್ಲಿ ಇಂದಿಗೂ ಹೇಳುತ್ತಾರೆ. ಮೊನ್ನೆ ಯಾರೋ ಶಿರಾ ಸಂತೆಯಿಂದ ಬೇಲದ ಹಣ್ಣು ತಂದು ಹೊಸ್ತಿಲಿಗೆ ಕುಟ್ಟಿ ಒಡೆದರು. ವಾಸನೆ ಎದ್ದದ್ದೇ ತಡ, ಕಥೆಯೂ ಎದ್ದಿತು. ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ನನ್ನ ಪಾಲಿನ ಹಣ್ಣನ್ನು ಪಕ್ಕಕ್ಕಿಟ್ಟೆ. ಯಾಕೆಂದರೆ, ಸ್ವಾಮಿ, ಆ ಕಥೆ ಸುಳ್ಳು.

ಐದಾರು ವರ್ಷದ ಹಿಂದಿನ ಮಾತು. ಮಧುಗಿರಿಯಲ್ಲಿ ಓದುವಾಗ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದು, ವಿಷಯ ಯಾವುದಾದರೂ ಎದುರು ಪಕ್ಷ ನನ್ನದೇ ಎಂಬ ರೋಗ ಹತ್ತಿಸಿಕೊಂಡಿದ್ದೆ. ಒಮ್ಮೆ ದೇವರಿಲ್ಲವೆಂದು ವಾದಿಸಿ ಪ್ರಸಾದವನ್ನೂ ಬಿಟ್ಟೆ. ಅಂದು ಹುಗ್ಗಿ ಇತ್ತೆಂದು ಆಮೇಲೆ ತಿಳಿಯಿತು. ಇಂಥವನಿಗೆ ಅಂಗಾಂಶ ಕೃಷಿಯ ಕೆಲಸ ಸಿಕ್ಕಿತು: ಚಿಗುರಿನ ಒಂದು ಚೂರನ್ನು ಸೀಸೆಯೊಳಗಿನ ಪೋಷಕಾಂಶದ ಲೋಳೆಯಲ್ಲಿ ನೆಟ್ಟು, ಅದೇ ಮರದಂಥ ನೂರು ಗಿಡ ಎಬ್ಬಿಸುವ ವಿದ್ಯೆ.

ಹುಲಿಕುಂಟೆಯ ಹತ್ತಿರ, ಕುರಿ ಸಾಕುವ ಗೊಲ್ಲರ ಹಟ್ಟಿಯ ಚಿತ್ತಜ್ಜಿಯ ಹೊಲದಲ್ಲಿ ಆ ಮರವಿತ್ತು. ಬೆಲ್ಲ ಬೇಡದ ಬೇಲ. ಸುತ್ತಲಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಆದರೆ ನೀರು ನೋಡುವವನು ಅದರ ಬುಡದಲ್ಲೇ ಬಾವಿಗೆ ಗುರುತು ಹಾಕಿಬಿಟ್ಟಿದ್ದ. ಅಜ್ಜಿಯ ಮಗ ಜುಂಜಣ್ಣ ಕೊಡಲಿ ಮಸೆದಿದ್ದ. ಕಸಿಯನ್ನಾದರೂ ಕಟ್ಟು ಎಂದ ಪ್ರಯೋಗಾಲಯದ ಹಿರಿಯರಿಗೆ, ಅದು ಅಜ್ಜನ ಕಾಲದ ವಿದ್ಯೆ ಎಂದು ನಕ್ಕು ಹೊರಟವನು ನಾನು.

"ಚಿಗುರು ಕೊಡಿ ಅಜ್ಜಿ, ಮರ ಹೋದರೆ ಹೋಗಲಿ. ನೂರು ಮರ ತಂದುಕೊಡ್ತೀನಿ" ಎಂದು ಒಂದು ಗಂಟೆ ವಾದಿಸಿದೆ.

"ಒಂದ್ವರ್ಸ ತಡಿ ಕಣ್ಲಾ ಜುಂಜ, ಮರದ್ ಮರಿ ಬದುಕ್ತದಾ ನೋಡಾನ" ಎಂದಳು ಅಜ್ಜಿ, ಮಗನಿಗೆ.

"ಸಾಹೇಬ್ರು ಅಂಗಂತಾವ್ರೆ, ನೀನು ಇಂಗಂತೀಯ. ಓದಿರೋರು ನೀನೋ ಅವ್ರೋ?"

ಅಜ್ಜಿ ಎದ್ದು ಕುಡುಗೋಲು ತಂದಳು. ಗೆದ್ದೆ ಎಂದುಕೊಂಡೆ. ಕುಯ್ದ ಕಡ್ಡಿಗಳ ತುದಿಗೆಲ್ಲ ಸಗಣಿ ಮೆತ್ತಿ, "ಗಾಯ ಬುಟ್ಟು ಕಳಿಸ್ಬಾರ್ದು ಕಣಪ್ಪ" ಎಂದು ಕೈಗಿಟ್ಟಳು. ಕುರಿಯಾಗಲಿ ಮರವಾಗಲಿ, ಆ ಹಟ್ಟಿಯಲ್ಲಿ ಗಾಯಕ್ಕೆ ಅದೇ ಮದ್ದು.

ಸಗಣಿಯ ತುದಿಯನ್ನು ನಾನೇ ಕತ್ತರಿಸಿ ಎಸೆದೆ. ಉಳಿದ ಚಿಗುರನ್ನು ಕ್ರಮ ತಪ್ಪದೆ ಔಷಧಿಯಲ್ಲಿ ತೊಳೆದೆ. ತಪ್ಪಿದ್ದು ಮುಂದಿನ ನಿಯಮ: ತೆರೆದ ಸೀಸೆಯ ಮುಂದೆ ಬಾಯಿ ಬಿಚ್ಚಬಾರದು, ಸೋಂಕು ತಗಲಲು ಉಗುಳಿನ ಹನಿಯೊಂದು ಸಾಕು. ನಾನೋ, ಚಿಗುರು ನೆಡುತ್ತಲೇ ಪಕ್ಕದ ಗೆಳೆಯನಿಗೆ ಹುಲಿಕುಂಟೆಯ ವಿಜಯವನ್ನು, ಎರಡೂ ಪಕ್ಷದ ಮಾತು ಸಮೇತ, ಬಣ್ಣಿಸುತ್ತಿದ್ದೆ. ಒಂದು ಸೀಸೆಯನ್ನೂ ಬಿಟ್ಟಿರಲಿಲ್ಲ. ನಾಲ್ಕನೆಯ ದಿನ ಎಲ್ಲದರಲ್ಲೂ ಕೀವಿನಂಥ ಬಿಳುಪು. ಅಷ್ಟರಲ್ಲಿ ಮರ ಉರುಳಿತ್ತು.

ವಿಚಾರಿಸಲು ಬಂದ ಜುಂಜಣ್ಣನಿಗೆ ನಮ್ಮ ಹಿರಿಯರೊಬ್ಬರು, "ಸಗಣಿ ಮೆತ್ತಿದ್ರಂತಲ್ಲಪ್ಪ?" ಎಂದರು.

"ಅಂಗಾರೆ ನಮ್ಮವ್ವನ ಕೈಲೇ ಹೋಯ್ತು ಅನ್ನಿ ಸಾ."

ಹುಟ್ಟಿದಾರಭ್ಯ ಯಾವ ಮಾತನ್ನೂ ಖಂಡಿಸದೆ ಬಿಡದವನು ಆ ಒಂದು ಮಾತನ್ನು ಬಿಟ್ಟೆ.

ನಿನ್ನೆ ಹಟ್ಟಿಗೆ ಹೋದೆ. ಬಾವಿಯಲ್ಲಿ ನೀರಿದೆ, ಅದನ್ನೂ ಒಪ್ಪಬೇಕು. ಅಜ್ಜಿ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು.

"ಆವತ್ತಿಂದ ಒಂದು ಸಸಿನೂ ಮುಟ್ಟಿಲ್ಲ ಕಣಪ್ಪ. ಕೆಟ್ಟ ಕೈ ಇದು. ಅವರೆ ಬೀಜಾನೂ ಸೊಸೆನೇ ಊರ್ತಾಳೆ."

ಎಲ್ಲ ಹೇಳಿದೆ. ಈ ಸಲ ಚುಟುಕಾಗಿ.

"ಅಂಗಾರೆ ನನ್ ಕೈ ಅಲ್ವಾ?"

"ಅಲ್ಲ ಅಜ್ಜಿ. ನನ್ನ ಬಾಯಿ."

ಅವಳು ಅಂಗೈ ಮೇಲಿನ ಹೊಟ್ಟನ್ನು ಊದಿ, ಕೈಯನ್ನು ಹಿಂದುಮುಂದು ತಿರುಗಿಸಿ ನೋಡಿಕೊಂಡಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ; ಮತ್ತೆ ಸುಲಿಯತೊಡಗಿದಳು. ನಾನೂ ಎದುರು ಕೂತು ಒಂದು ಹಿಡಿ ಕಾಯಿ ಎಳೆದುಕೊಂಡು ಸುಲಿದೆ. ಅದು ಮುಗಿದ ಮೇಲೆ ಕೇಳಿದೆ:

"ಅಂಥದೇ ಇನ್ನೊಂದು ಮರ ಇದ್ದಿದ್ದರೆ, ನನಗೆ ಚಿಗುರು ಕೊಡ್ತಿದ್ರಾ ಅಜ್ಜಿ?"