ಮಾಸೆಚಾಬಾಳ ಬೆನ್ನುನೋವು

ನಾವು ಬೆಟ್ಟದ ನಾಡಿನ ಬಸೋಥೋ ಜನ. ನಮ್ಮಲ್ಲಿ ಕುದುರೆ ಇಟ್ಟುಕೊಂಡು ಕಾಲಲ್ಲಿ ನಡೆಯುವವರನ್ನು ಕಂಡರೆ ನಾಯಿಗೂ ನಗು ಬರುತ್ತದೆ. ಅಂಥದ್ದರಲ್ಲಿ ಹಾ ಮೊಖೇಥಿ ಊರಿನ ಮಾಸೆಚಾಬಾ ಹನ್ನೊಂದು ವರ್ಷ ತನ್ನ ಬಿಳಿ ಚುಕ್ಕೆಯ ಹೆಣ್ಣು ಕುದುರೆಯ ಲಗಾಮು ಹಿಡಿದು ಅದರ ಮುಂದೆ ನಡೆದಳು. ಕುದುರೆಯ ಹೆಸರು ಸೆಫಾಕೊ, ಅಂದರೆ ಆಲಿಕಲ್ಲು. ಮೈ ತುಂಬ ಆಲಿಕಲ್ಲು ಬಿದ್ದ ಹಾಗೇ ಇತ್ತು ಅದರ ಬಣ್ಣ. ಜೀನು ಕಟ್ಟಿರುತ್ತಿದ್ದಳು, ಆದರೆ ಜೀನಿನ ಮೇಲೆ ಅವಳ ಊಟದ ಗಂಟು ಮಾತ್ರ ಸವಾರಿ ಮಾಡುತ್ತಿತ್ತು.

"ಯಾಕವ್ವಾ, ಕುದುರೆಗೇನು ಮಡಿಯಾ?" ಅಂತ ಕೇಳಿದರೆ, "ಬೆನ್ನುನೋವು ಕಣಪ್ಪಾ, ಕೂತರೆ ಜೀವ ಹೋಗತ್ತೆ" ಅನ್ನುತ್ತಿದ್ದಳು. ಅಷ್ಟೇ ಆಗಿದ್ದರೆ ಜನ ಸುಮ್ಮನಿರುತ್ತಿದ್ದರೋ ಏನೋ. ಅವಳ ಸೆರಗುಚೀಲದ ತುಂಬ ಯಾವಾಗಲೂ ಬೆಣಚುಕಲ್ಲು. ಸ್ವಲ್ಪ ಮಂಜು ಕಂಡರೆ ಸಾಕು, ಒಂದೊಂದೇ ಕಲ್ಲು ಮುಂದಕ್ಕೆ ಎಸೆದು, ಕಿವಿಗೊಟ್ಟು, ಆಮೇಲೆ ಹೆಜ್ಜೆ ಇಡುತ್ತಿದ್ದಳು. "ಏನೇ, ದೆವ್ವದ ಕೋಳಿ ಓಡಿಸ್ತಿದ್ದೀಯಾ?" ಅಂತ ಗಂಡಸರು ರೇಗಿಸುತ್ತಿದ್ದರು. "ಹೌದು, ಹುಂಜಗಳೇ ಜಾಸ್ತಿ" ಅಂತ ಅವಳೂ ಬಿಡುತ್ತಿರಲಿಲ್ಲ.

ನಮ್ಮ ಕಣಿವೆಗೆ ಅಣೆಕಟ್ಟು ಬಂದು, ಹೊಳೆ ಹೋಗಿ ಸಾಗರದಂಥ ಹಿನ್ನೀರು ನಿಂತಾಗ, ಅದರ ಹಿಂದೆಯೇ ಜನ ಬಂದರು. ರಾಜಧಾನಿ ಮಸೇರುವಿನವರು, ಗಡಿಯಾಚೆಯವರು, ಬೆನ್ನಿಗೆ ಚೀಲ, ಕೈಗೆ ಕೋಲು. ಬೆಟ್ಟದ ನೆತ್ತಿಯ ಕೆರೆವರೆಗೆ ಹತ್ತಬೇಕು, ಅಲ್ಲಿ ಕೂತು ತಿನ್ನಬೇಕು, ಇಳಿಯುವಾಗ ಕಾಲು ಸೋತಿರುತ್ತೆ, ಕುದುರೆ ಬೇಕು. ಊರಿನ ಕುದುರೆಯವರೆಲ್ಲ ಸೇರಿ ಸಂಘ ಮಾಡಿಕೊಂಡರು. ಸರದಿಯ ಪ್ರಕಾರ ದಾರಿ ತೋರಿಸುವುದು. ಮೊದಲ ದಿನ ಸಾಲಿನಲ್ಲಿ ಸೆಫಾಕೊಳನ್ನು ಹಿಡಿದು ನಿಂತ ಒಬ್ಬಳೇ ಹೆಂಗಸು ಮಾಸೆಚಾಬಾ.

"ಹೆಂಗಸು ದಾರಿ ತೋರಿಸ್ತಾಳಂತೆ!" ಅಂದರು.

"ನಾನು ಹುಟ್ಟಿದ ಮನೆ ಆ ನೀರಿನ ತಳದಲ್ಲಿದೆ. ಈ ಬೆಟ್ಟದ ಮೇಲೆ ಕುರಿ ಮೇಯಿಸಿದೋಳು ನಾನು. ನಿಮ್ಮಲ್ಲಿ ಯಾರಿಗೆ ನನಗಿಂತ ಜಾಸ್ತಿ ಗೊತ್ತೋ ಮುಂದೆ ಬನ್ನಿ" ಅಂದಳು. ಯಾರೂ ಬರಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರು ಏಳನೆಯದಾಯಿತು. ಆ ಏಳನೆಯ ಸರದಿಯೇ ಅವಳ ಕಿರೀಟ. ಮಗ ಸೆಚಾಬಾನ ಮದುವೆಯಲ್ಲೂ ಅವಳು ಅಷ್ಟು ಬೀಗಿದ್ದಿಲ್ಲ.

ಆದರೆ ಸಂಘದ ಅಧ್ಯಕ್ಷ ಪೊಶೊಲಿಗೆ ಇದು ಮೊದಲಿಂದ ನುಂಗಲಾರದ ತುತ್ತು. ಪೊಶೊಲಿ ಕುದುರೆ ಮೇಲೆ ಕೂತರೆ, ಕಂಬಳಿ ಹೊದ್ದು, ಹುಲ್ಲಿನ ಟೋಪಿ ಏರಿಸಿ, ಬೆಟ್ಟವೇ ತನ್ನದೆಂಬಂತೆ ಕೂರುವ ಮನುಷ್ಯ. ನಾನು ಸುಳ್ಳು ಹೇಳಲ್ಲ, ನೋಡೋಕೆ ಚೆನ್ನಾಗಿಯೇ ಇರುತ್ತಿದ್ದ. ಕಳೆದ ವರ್ಷ ಹಿನ್ನೀರಿನ ದಂಡೆಗುಂಟ ಹೊಸ ದಾರಿ ತೆರೆದರು; ಅಲ್ಲಿಯವರೆಗೆ ಪ್ರವಾಸಿಗರ ದಾರಿ ನೀರಿನಿಂದ ದೂರದಲ್ಲಿತ್ತು. ಈ ವರ್ಷ ಯಾರೋ ಪ್ರವಾಸಿ ನಗುತ್ತ ಅಂದನಂತೆ, "ಆ ಅಮ್ಮ ಕುದುರೆಗೆ ಹೆದರ್ತಾರೇನು?" ಪೊಶೊಲಿಗೆ ಮೈಯೆಲ್ಲ ಉರಿದುಹೋಯಿತು.

"ನೋಡು ಮ್ಮೆ ಮಾಸೆಚಾಬಾ," ಅಂದ. ನಮ್ಮಲ್ಲಿ ಜಗಳದಲ್ಲೂ ಹೆಂಗಸನ್ನು ಮ್ಮೆ, ತಾಯಿ ಅಂತಲೇ ಕರೆಯಬೇಕು. "ಕುದುರೆ ಹತ್ತದೋರು ನಮ್ಮ ಪಟ್ಟಿಯಲ್ಲಿ ಇರೋದು ಬೇಡ. ನಾಳೆ ನಿನ್ನ ಸರದಿ. ನಾನೂ ಬರ್ತೀನಿ. ಕೆರೆಯಿಂದ ಊರ ಬಾಗಿಲ ತನಕ ಇಳಿಯೋವಾಗ ಜೀನು ಬಿಟ್ಟು ಇಳಿಯದೆ ಬಂದ್ರೆ ನಿನ್ನ ಹೆಸರು ಉಳೀತು. ನಡುವೆ ಇಳಿದ್ಯೋ, ಭಾನುವಾರದ ಸಭೆಯಲ್ಲಿ ಹೆಸರು ಹೊಡೆದು ಹಾಕ್ತೀನಿ."

"ಆಗಲಿ ನ್ತಾತೆ," ಅಂದಳು. ಅಪ್ಪಾ ಅಂದ ಹಾಗೆ.

ಮಾರನೆಯ ದಿನ ಬಂದ ಪ್ರವಾಸಿಗರು ಇಬ್ಬರು: ಮಸೇರುವಿನ ಆಸ್ಪತ್ರೆಯ ದಾದಿ ಲಿಂಫೊ ಮತ್ತು ಅವಳ ಗಂಡ. ಬೆಳಿಗ್ಗೆಯ ಬಿಸಿಲಲ್ಲಿ ನಡೆದೇ ಹತ್ತಿದರು, ಕುದುರೆಗಳು ಹಿಂದೆ. ಕೆರೆ ಕನ್ನಡಿಯ ಹಾಗಿತ್ತು. ಎಲ್ಲರೂ ಕೂತು ಮುದ್ದೆಯಂಥ ಮೆಕ್ಕೆಜೋಳದ ಪಾಪಾ, ಸೊಪ್ಪು ತಿಂದರು. ಲಿಂಫೊ ಕಾಲನ್ನು ನೀರಲ್ಲಿಟ್ಟು ಕೂಗಿ ಎಗರಿದಳು, ಅಷ್ಟು ತಣ್ಣಗೆ. ಮಾಸೆಚಾಬಾ ಮಾತ್ರ ಬೇಗ ಎದ್ದು, ದಡದ ಬೆಣಚುಕಲ್ಲು ಆರಿಸಿ ಸೆರಗುಚೀಲಕ್ಕೆ ತುಂಬಿಕೊಂಡಳು.

ಇಳಿಯುವ ಹೊತ್ತಿಗೆ ಎಲ್ಲರೂ ಕುದುರೆ ಹತ್ತಿದರು. ಹನ್ನೊಂದು ವರ್ಷದ ಮೇಲೆ ಮಾಸೆಚಾಬಾಳೂ ಹತ್ತಿದಳು. ಸೆಫಾಕೊ ಕಿವಿ ಹಿಂದಕ್ಕೆ ತಿರುಗಿಸಿ, ಇದೇನು ಇವತ್ತು ಅಂತ ಕೇಳಿದಂತಿತ್ತು. "ನಡಿ ಮಗಳೇ" ಅಂದಳು.

ಅರ್ಧ ದಾರಿ ಇಳಿದಿದ್ದರು, ಮಂಜು ಬಂತು. ನಮ್ಮ ಮಂಜು ಹೇಳಿ ಕೇಳಿ ಬರುವುದಿಲ್ಲ. ಈಗ ಕಂಡ ಬೆಟ್ಟ ಈಗಿಲ್ಲ. ಎದುರಿನ ಕುದುರೆಯ ಬಾಲ ಕೂಡ ಕಾಣದು.

"ಹೆದರ್ಬೇಡಿ!" ಅಂತ ಮುಂದಿನಿಂದ ಪೊಶೊಲಿ ಕೂಗಿದ. "ಲಗಾಮು ಬಿಡಿ, ಬಾಯಿ ಮುಚ್ಚಿ. ನಮ್ಮ ಕುದುರೆ ಕಣ್ಣು ಕಟ್ಟಿದ್ರೂ ಮನೆ ಮುಟ್ಟಿಸ್ತವೆ."

ಇದು ಅವನ ಮಾತಲ್ಲ, ನಮ್ಮ ಅಜ್ಜಂದಿರ ಮಾತು. ಮಂಜಿನಲ್ಲಿ ಲಗಾಮು ಎಳೆಯುವವನು ಸಾಯುತ್ತಾನೆ, ಬಿಡುವವನು ಬದುಕುತ್ತಾನೆ. ಪೊಶೊಲಿಯ ಕುದುರೆ ಥಾಬಾಗೆ ಹದಿನೇಳು ವರ್ಷ. ಅದು ತಿಳಿಯದ ದಾರಿಯೇ ಇರಲಿಲ್ಲ. ಎಲ್ಲರೂ ಲಗಾಮು ಬಿಟ್ಟರು.

ಸ್ವಲ್ಪ ಹೊತ್ತಿಗೆ ಥಾಬಾನ ಗೊರಸಿನ ಸದ್ದಿನ ಹಿಂದೆಯೇ ಸೆಫಾಕೊ ಹೊಸ ದಾರಿ ಬಿಟ್ಟು ಎಡಕ್ಕೆ ತಿರುಗಿದಳು. ಈ ತಿರುವು ಮಾಸೆಚಾಬಾಳಿಗೆ ಗೊತ್ತಿತ್ತು. ನೀರು ತುಂಬಿದ ಮೊದಲ ವರ್ಷ, ತಪ್ಪಿಸಿಕೊಂಡ ಕುರಿ ಹುಡುಕುತ್ತ ಇದೇ ಮಂಜಿನಲ್ಲಿ ಲಗಾಮು ಬಿಟ್ಟು ಕೂತಿದ್ದಳು. ಸೆಫಾಕೊ ಇದೇ ಎಡಕ್ಕೆ ತಿರುಗಿ, ಇದೇ ಇಳಿಜಾರು ಇಳಿದು, ನೆಟ್ಟಗೆ ನೀರಿಗೆ ನಡೆದಿದ್ದಳು. ಕೊರಳುದ್ದ ನೀರಿನಲ್ಲಿ ಬಾಲ ಹಿಡಿದು ದಡ ಸೇರಿದ್ದು ಅವಳ ಪುಣ್ಯ. ಊರಲ್ಲಿ ಹೇಳಿದ್ದರೆ ಆ ಕುದುರೆಯನ್ನು ಹುಚ್ಚಿ ಅನ್ನುತ್ತಿದ್ದರು. ದಾರಿ ತಪ್ಪುವ ಕುದುರೆಯನ್ನು ನಮ್ಮಲ್ಲಿ ಯಾರೂ ಸಾಕುವುದಿಲ್ಲ. ಅದಕ್ಕೆ ತುಟಿ ಹೊಲಿದುಕೊಂಡು, ತಪ್ಪನ್ನೆಲ್ಲ ತನ್ನ ಬೆನ್ನಿನ ಮೇಲೆ ಹಾಕಿಕೊಂಡಳು.

ಈಗ ಇಳಿದರೆ ಹೆಸರು ಹೋಯಿತು. ಮುಂದೆ ಪೊಶೊಲಿ, ಹಿಂದೆ ಎರಡು ಅಮಾಯಕ ಜೀವ. ಎಷ್ಟು ಹೊತ್ತು ಯೋಚಿಸಿದಳೋ ಗೊತ್ತಿಲ್ಲ. ನನ್ನನ್ನು ಕೇಳಿದರೆ, ಯೋಚಿಸಲೇ ಇಲ್ಲ. ಧೊಪ್ಪನೆ ಇಳಿದಳು.

"ನಿಲ್ಲಿ! ಯಾರೂ ಅಲ್ಲಾಡ್ಬೇಡಿ!"

"ಇಳಿದ್ಯಾ?" ಮಂಜಿನೊಳಗಿಂದ ಪೊಶೊಲಿಯ ನಗು. "ಮುಗೀತು ಹಾಗಾದ್ರೆ ನಿನ್ನ ಕಥೆ!"

ಸೆರಗುಚೀಲದಿಂದ ಕಲ್ಲು ತೆಗೆದು ಮುಂದಕ್ಕೆ ಎಸೆದಳು. ಟಕ್. ಇನ್ನೊಂದು, ಇನ್ನೂ ದೂರಕ್ಕೆ. ಟಕ್. ಮೂರನೆಯದನ್ನು ಬಲವೆಲ್ಲ ಹಾಕಿ ಬೀಸಿದಳು.

ಗುಳುಂ.

"ಕೇಳಿಸ್ತಾ ನ್ತಾತೆ? ನೀರು! ನಿಲ್ಲಿಸು!"

"ಮಳೆಗುಂಡಿ ಇರ್ಬೇಕು. ನಮ್ಮಪ್ಪನ ಕಾಲದಿಂದ ಈ ತಳಿ ದಾರಿ ತಪ್ಪಿಲ್ಲ."

"ಅಯ್ಯೋ ನಿನ್ನ! ತಪ್ಪಿಲ್ಲ ಅಂತಾನೇ ಹೇಳ್ತಿರೋದು!" ಅವಳು ಕೂಗಿದ ಕೂಗಿಗೆ ಲಿಂಫೊ ಬೆಚ್ಚಿಬಿದ್ದಳು. "ಇದು ಹಳೇ ದಾರಿ ಕಣೋ! ಹೊಳೆ ದಾಟಿ ಹಳೇ ಊರಿಗೆ ಹೋಗ್ತಿದ್ವಲ್ಲ, ಅದು! ಕುದುರೆಗೆ ಅದೇ ಮನೆ! ಇಲ್ಲಿ ಮೊದಲೂ ನೀರಿತ್ತು, ಅದು ನೀರಿಗೆ ಹೆದರಲ್ಲ! ನನ್ನ ಸೆಫಾಕೊ ಹನ್ನೊಂದು ವರ್ಷದ ಹಿಂದೆ ನನ್ನನ್ನ ಇಲ್ಲೇ ಮುಳುಗಿಸಿದ್ಲು! ನನ್ನ ಬೆನ್ನಿಗೆ ಏನೂ ಆಗಿಲ್ಲ, ಸುಳ್ಳು ಹೇಳ್ದೆ!"

ಅದಕ್ಕೆ ಬಂದದ್ದು ನೀರು ಸೀಳುವ ಸದ್ದು, ಆಮೇಲೆ ಪೊಶೊಲಿಯ ಧ್ವನಿ, ನಗು ಪೂರ್ತಿ ಇಂಗಿದ್ದು. "ಮ್ಮೆ... ಥಾಬಾ ನಿಲ್ತಾ ಇಲ್ಲ. ನೀರು ನನ್ನ ಮೊಣಕಾಲಿಗೆ ಬಂತು."

ಕಂಬಳಿ ಕಿತ್ತೆಸೆದು ಮಾಸೆಚಾಬಾ ನೀರಿಗಿಳಿದಳು. ಸೊಂಟದವರೆಗೆ, ಎದೆಯವರೆಗೆ. ಮುಂದಿನ ಹೆಜ್ಜೆಗೆ ನೆಲ ಮುಗಿಯುತ್ತದೆ, ಅಲ್ಲಿಂದ ಹೊಳೆಯ ಆಳ, ಅದು ಅವಳಿಗೆ ಗೊತ್ತು. ಥಾಬಾನ ಕಡಿವಾಣಕ್ಕೆ ಕೈ ಹಾಕಿ ಮುಖ ತಿರುಗಿಸಿದಳು. "ಬಾರೋ ರಾಜಾ, ಆ ಮನೇಲಿ ಈಗ ಯಾರೂ ಇಲ್ಲ. ಬಾ." ಕುದುರೆ ಮುಸುಗುಟ್ಟಿತು, ನಿಂತಿತು, ಆಮೇಲೆ ತಿರುಗಿತು.

ದಡದಲ್ಲಿ ಪೊಶೊಲಿ ಕುಸಿದು ಕೂತ. ಟೋಪಿ ನೀರಿನಲ್ಲೇ ಹೋಗಿತ್ತು. ಥಾಬಾನ ಕಾಲನ್ನು ತಬ್ಬಿಕೊಂಡು ಮೆಲ್ಲಗೆ ಕೇಳಿದ: "ಇದನ್ನ ಹುಚ್ಚ ಅಂತ ಯಾರಿಗೂ ಹೇಳ್ಬೇಡ ಮ್ಮೆ."

"ಹುಚ್ಚ ಯಾಕಾಗ್ತಾನೆ? ಅವನು ದಾರಿ ಸರಿಯಾಗೇ ಹಿಡಿದ. ದಾರಿ ಮೇಲೆ ನೀರು ತಂದು ನಿಲ್ಸಿದೋರು ಮನುಷ್ಯರು."

ಕಿತ್ತೆಸೆದ ಕಂಬಳಿ ಮಂಜಿನಲ್ಲಿ ಸಿಗಲಿಲ್ಲ; ಅಲ್ಲಿಂದ ಅವಳು ಮುಂದೆ, ಒದ್ದೆ ಬಟ್ಟೆಯಲ್ಲಿ ನಡುಗುತ್ತ, ಕಲ್ಲು ಎಸೆಯುತ್ತ. ಕಲ್ಲು ಖಾಲಿಯಾದಾಗ ಹಿಂದಿನಿಂದ ಒಂದು ಕೈ ಹಿಡಿಯಷ್ಟು ಬೆಣಚುಕಲ್ಲು ಚಾಚಿತು. ಪೊಶೊಲಿ ದಾರಿಯುದ್ದ ಬಗ್ಗಿ ಬಗ್ಗಿ ಆರಿಸಿಕೊಂಡು ಬರುತ್ತಿದ್ದ.

ಊರು ಕಾಣುವ ದಿಬ್ಬದಲ್ಲಿ ಮಂಜು ಹರಿಯಿತು. ಪೊಶೊಲಿ ನೀರು ತಾಗದೆ ಉಳಿದಿದ್ದ ತನ್ನ ಕಂಬಳಿ ತೆಗೆದು ಅವಳ ಹೆಗಲಿಗೆ ಹೊದಿಸಿದ, ಸೆಫಾಕೊಳ ಲಗಾಮು ಹಿಡಿದು ನಿಂತ.

"ಹತ್ತು."

"ಇಳಿದಾಯ್ತಲ್ಲ ನ್ತಾತೆ, ಹೆಸರು ಹೋಯ್ತಲ್ಲ. ಬಿಡು, ಬೆನ್ನು ನೋಯತ್ತೆ."

"ನಿನ್ನ ಬೆನ್ನುನೋವು ಗೊತ್ತು ನಂಗೆ. ಹತ್ತು ತಾಯಿ."

ಸಂಜೆಯ ಬೆಳಕಿನಲ್ಲಿ ಬಾಗಿಲಿಗೆ ಬಂದು ನಿಂತವರೆಲ್ಲ ನೋಡಿದರು: ಅಧ್ಯಕ್ಷ ಪೊಶೊಲಿ ಬರಿದಲೆಯಲ್ಲಿ ಕಾಲ್ನಡಿಗೆಯಲ್ಲಿ ಬರುತ್ತಿದ್ದಾನೆ, ಕೈಯಲ್ಲಿ ಹೆಂಗಸಿನ ಕುದುರೆಯ ಲಗಾಮು. "ಏನಾಯ್ತು ನ್ತಾತೆ, ಥಾಬಾಗೆ ಕುಂಟೇ?" ಅಂತ ಯಾರೋ ಕೇಳಿದರು. ಅವನು ಊರಿಗೆಲ್ಲ ಕೇಳುವಂತೆ ಹೇಳಿದ: "ನನ್ನ ಕುದುರೆ ದಾರಿ ತಪ್ಪಲಿಲ್ಲ, ನಾನು ತಪ್ಪಿದೆ. ಭಾನುವಾರ ಎಲ್ರೂ ಬನ್ನಿ, ಬರೋವಾಗ ಜೇಬು ತುಂಬ ಕಲ್ಲು ತನ್ನಿ. ಎಸೆಯೋದು ಹೇಗೆ ಅಂತ ಇವರು ಕಲಿಸ್ತಾರೆ. ಪಟ್ಟಿಯಲ್ಲಿ ಇವರ ಹೆಸರು ಮೊದಲನೇದು."

ಮಾಸೆಚಾಬಾ ಸೆಫಾಕೊಳ ಕುತ್ತಿಗೆ ಸವರಿದಳು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಂಬದ ಹಾಗೆ ನೆಟ್ಟಗೆ ಕೂತು ಹೋದಳು. ಆ ಬೆನ್ನಿಗೆ ಯಾವತ್ತೂ ಏನೂ ಆಗಿರಲಿಲ್ಲ ಅಂತ ಇಡೀ ಊರಿಗೆ ಕಂಡಿತು.